ಹೊಗಾರ್ತ್ ಲೇವಡಿ ಮಾಡಿದ್ದು ಯಾರನ್ನ?

ಪ್ರಿಯ ಮೇಷ್ಟ್ರೇ,

ನಿಮ್ಮ ಪತ್ರ ಎರಡು ಸಲ ಓದಿದೆ. ಕಳೆದ ಸಂಚಿಕೇಲಿ ನಾವು ಹಾಕಿದ, 18ನೇ ಶತಮಾನದ ಇಂಗ್ಲೆಂಡಿನ ಕಲಾವಿದ ವಿಲಿಯಂ ಹೊಗಾರ್ತ್ ಚಿತ್ರ ನೋಡಿ ನಿಮಗೆ ಬೇಜಾರಾಗಿದೆ, ಚರ್ಚಲ್ಲಿ ಜನ ನಿದ್ದೆ ಹೊಡೆಯೋದನ್ನ ಬರೆದು ನಗಿಸೋದು ಬಡವರ ನಂಬಿಕೆಗೆ ಮಾಡೋ ಅವಮಾನ ಅಂದಿದ್ದೀರಿ. ಅರ್ಧ ಮಾತು ಒಪ್ತೀನಿ, ಆದ್ರೆ ಈ ಚಿತ್ರದ ವಿಷಯದಲ್ಲಿ ಅಲ್ಲ.

1736ರ ಆ ಚಿತ್ರ ಇನ್ನೊಂದ್ಸಲ ಹತ್ತಿರದಿಂದ ನೋಡಿ. ಪಾದ್ರಿ ಭೂತಗನ್ನಡಿ ಹಿಡ್ಕೊಂಡು ಪುಸ್ತಕಕ್ಕೆ ಮುಖ ಅಂಟಿಸ್ಕೊಂಡು ಓದ್ತಾನೇ ಇದಾನೆ, ಓದ್ತಿರೋದು "ದುಡಿದು ಭಾರ ಹೊತ್ತವರೇ ನನ್ನ ಹತ್ರ ಬನ್ನಿ, ವಿಶ್ರಾಂತಿ ಕೊಡ್ತೀನಿ" ಅನ್ನೋ ಏಸುವಿನ ಮಾತು, ಎದುರಿಗಿರೋ ಜನ ಆಗ್ಲೇ ಗೊರಕೆ ಹೊಡೀತಿದಾರೆ. ಚರ್ಚಿನ ಗುಮಾಸ್ತ ಮಾತ್ರ ಪಕ್ಕದಲ್ಲಿ ನಿದ್ದೆ ಹೋದ ಹುಡುಗಿ ಎದೆ ಕಡೆ ಓರೆಗಣ್ಣು ಬಿಟ್ಟಿದಾನೆ. ಹೊಗಾರ್ತ್ ಲೇವಡಿ ಮಾಡಿರೋದು ಆ ಗುಮಾಸ್ತನನ್ನ, ಆ ಪಾದ್ರೀನ. ಅವನ 1735ರ ಚಿತ್ರ ಸರಣೀಲಿ ದುಂದುಗಾರ ಹುಡುಗ ದುಡ್ಡಿಗೋಸ್ಕರ ಒಕ್ಕಣ್ಣಿನ ಮುದುಕೀನ ಮದುವೆ ಆಗ್ತಾನಲ್ಲ, ಆ ಚರ್ಚಲ್ಲಿ ಬಡವರ ಕಾಣಿಕೆ ಡಬ್ಬಿ ಮೇಲೆ ಜೇಡ ಬಲೆ ಕಟ್ಟಿದೆ. ಸಾಲ ತೀರಿಸಕ್ಕಾಗದೆ ಜೈಲಿಗೆ ಹೋದ ಅಪ್ಪನ ಮಗ ಹೊಗಾರ್ತ್, ಆ ಡಬ್ಬಿ ಅವನ ಕಣ್ಣಿಗೆ ಬೀಳದೆ ಇರುತ್ತಾ?

ಈಗ ನಾನು ಒಪ್ಪೋ ಅರ್ಧ. 1739ರಲ್ಲಿ ಇಂಗ್ಲೆಂಡಿನ ಕ್ರೈಸ್ತ ಉಪದೇಶಕ ಜಾರ್ಜ್ ವೈಟ್‌ಫೀಲ್ಡ್ ಬ್ರಿಸ್ಟಲ್ ಹತ್ರ ಕಿಂಗ್ಸ್‌ವುಡ್‌ನಲ್ಲಿ ಕಲ್ಲಿದ್ದಲು ಗಣಿ ಕೆಲಸದವರಿಗೆ ಬಯಲಲ್ಲೇ ನಿಂತು ಉಪದೇಶ ಶುರು ಮಾಡಿದ, ಆಮೇಲೆ ಜಾನ್ ವೆಸ್ಲಿನೂ ಬಂದ. ಯಾವ ಪಾದ್ರಿನೂ ತಿರುಗಿ ನೋಡದ ಜನರ ಹತ್ರ ಇವರು ಹೋದ್ರು. ಇವರ ಪಂಥದವರಿಗೆ ಮೆಥಡಿಸ್ಟರು ಅಂತ ಹೆಸರು. ಅಂಥವರನ್ನ 1762ರಲ್ಲಿ ಹೊಗಾರ್ತ್ ಹುಚ್ಚರ ಸಂತೆ ಥರ ಬರೆದ, ಉಪದೇಶಕನ ಕೈಲಿ ಮಾಟಗಾತಿ ಗೊಂಬೆ, ದೆವ್ವದ ಗೊಂಬೆ, ಪಕ್ಕದಲ್ಲಿ ಆವೇಶ ಅಳೆಯೋ ಥರ್ಮಾಮೀಟರ್. ನೆಲದ ಮೇಲೆ ಮೇರಿ ಟಾಫ್ಟ್ ಬಿದ್ದಿದಾಳೆ, ಲಂಗದಡಿಯಿಂದ ಮೊಲ ಓಡ್ತಿವೆ. 1726ರಲ್ಲಿ ಮೊಲ ಹೆತ್ತೆ ಅಂತ ನಂಬಿಸಿದ ಹೆಂಗಸು ಇವಳು, ನಂಬಿದವರಲ್ಲಿ ರಾಜನ ಸರ್ಜನ್ನೇ ಇದ್ದ! ಆಗ ಹೊಗಾರ್ತ್ ಚಿತ್ರ ಬರೆದು ಲೇವಡಿ ಮಾಡಿದ್ದು ಅವಳನ್ನ ನಂಬಿದ ಡಾಕ್ಟರುಗಳನ್ನ. 36 ವರ್ಷ ಆದ್ಮೇಲೆ ಡಾಕ್ಟರುಗಳು ಮಾಯ, ಬಡವಿ ಒಬ್ಬಳೇ ಉಳಿದಿದಾಳೆ. ಇದು ನನಗೆ ನಿಜವಾಗ್ಲೂ ನೋವು ಕೊಡುತ್ತೆ, ಯಾಕಂದ್ರೆ ನಾನು ತುಂಬಾ ಇಷ್ಟಪಡೋ ಕಲಾವಿದ ಅವನು.

ಮುಂದಿನ ಸಂಚಿಕೇಲಿ 1726ರ ಚಿತ್ರಾನೂ 1762ರ ಚಿತ್ರಾನೂ ಎದುರುಬದುರು ಪುಟದಲ್ಲಿ ದೊಡ್ಡದಾಗಿ ಹಾಕ್ತೀವಿ. ನೋಡಿ ಮತ್ತೆ ಬರೀರಿ ಮೇಷ್ಟ್ರೇ.

— ಸಂ.