ಸ್ವಿಟ್ಜರ್ಲೆಂಡ್ ಸುತ್ತಲು ಕಾರು ಬೇಕೇ?

ರಜೆಗೆ ಸ್ವಿಟ್ಜರ್ಲೆಂಡ್‌ಗೆ ಹೊರಟವರಿಂದ ಈ ಬಾರಿ ಹೆಚ್ಚು ಪತ್ರಗಳು ಬಂದಿವೆ. ಬಹುತೇಕರ ಅನುಮಾನ ಒಂದೇ: ಸ್ವಂತ ವಾಹನವಿಲ್ಲದೆ, ಪ್ಯಾಕೇಜ್ ಟೂರ್ ಸೇರದೆ, ಅಲ್ಲಿನ ರೈಲು, ಬಸ್ಸು, ದೋಣಿಗಳನ್ನೇ ನಂಬಿ ಓಡಾಡಬಹುದೇ? ಆಯ್ದ ಪ್ರಶ್ನೆಗಳಿಗೆ ನಮ್ಮ ಪ್ರವಾಸ ತಜ್ಞರು ಉತ್ತರಿಸಿದ್ದಾರೆ.

ಪ್ರಶ್ನೆ: ಮೇ ಕೊನೆಯಲ್ಲಿ ನಾನು, ಹೆಂಡತಿ, ಒಂಬತ್ತು ವರ್ಷದ ಮಗಳು ಮತ್ತು ಅಪ್ಪ–ಅಮ್ಮ ಹತ್ತು ದಿನಕ್ಕೆ ಸ್ವಿಟ್ಜರ್ಲೆಂಡ್‌ಗೆ ಹೋಗುತ್ತಿದ್ದೇವೆ. ಅಪ್ಪ–ಅಮ್ಮ ಇಬ್ಬರಿಗೂ ಎಪ್ಪತ್ತರ ಹತ್ತಿರ. ವಯಸ್ಸಾದವರಿದ್ದರೆ ದೊಡ್ಡ ಕಾರು ಬಾಡಿಗೆಗೆ ತೆಗೆದುಕೊಳ್ಳಿ, ಇಲ್ಲವೇ ಕೋಚ್ ಪ್ಯಾಕೇಜ್ ಸೇರಿ ಎನ್ನುತ್ತಾರೆ ಏಜೆಂಟ್. ರೈಲು ಅವರಿಗೆ ಕಷ್ಟವಾಗುತ್ತದೆಯೇ? – ದಾವಣಗೆರೆಯ ಓದುಗರು

ಉತ್ತರ: ಆಗುವುದಿಲ್ಲ. ವಯಸ್ಸಾದವರು ಜೊತೆಗಿದ್ದಾರೆ ಎಂಬ ಕಾರಣಕ್ಕೇ ನಾನು ಕಾರು ಬೇಡ ಎನ್ನುತ್ತೇನೆ. ರಸ್ತೆಯ ಬಲಗಡೆ ಓಡಿಸುವುದು ನಿಮಗೆ ರೂಢಿಯಿಲ್ಲ. ಘಟ್ಟದ ತಿರುವುಗಳಲ್ಲಿ ಸ್ಟೇರಿಂಗ್ ಹಿಡಿದು ಕೂತರೆ ಬೆಟ್ಟವನ್ನೂ ನೋಡಲಾಗದು, ಸರೋವರವನ್ನೂ ನೋಡಲಾಗದು. ಹಿಂದಿನ ಸೀಟಿನಲ್ಲಿ ಅಪ್ಪ–ಅಮ್ಮ ಕಾಲು ಮಡಚಿಕೊಂಡು ಕೂರಬೇಕು. ದೂರದ ರೈಲಿನಲ್ಲಾದರೆ ಎದ್ದು ಓಡಾಡಬಹುದು, ಶೌಚಾಲಯವಿರುತ್ತದೆ. ಕಾರಿಗೆ ಬಾಡಿಗೆಯ ಮೇಲೆ ಪ್ರತಿ ಊರಲ್ಲೂ ಪಾರ್ಕಿಂಗ್ ಹುಡುಕುವ ತಲೆನೋವು ಬೇರೆ. ಇಷ್ಟೆಲ್ಲ ಮಾಡಿದರೂ ಜೆರ್ಮಾಟ್‌ಗೆ ಕಾರು ಹೋಗುವುದಿಲ್ಲ. ಕೆಳಗಿನ ಟೇಶ್ ಎಂಬ ಊರಲ್ಲಿ ಅದನ್ನು ಬಿಟ್ಟು ರೈಲನ್ನೇ ಹತ್ತಬೇಕು. ವೆಂಗೆನ್, ಮ್ಯೂರನ್ ಕೂಡ ಕಾರಿಲ್ಲದ ಊರುಗಳು.

ಕೋಚ್ ಪ್ಯಾಕೇಜನ್ನೂ ನಾನು ಬೇಡ ಎನ್ನುತ್ತೇನೆ, ಆದರೆ ಅದು ಪರಿಸರದ ಕಾರಣಕ್ಕಲ್ಲ. ತುಂಬಿದ ಬಸ್ಸಿನ ಹೊಗೆಯನ್ನು ತಲೆಗೆ ಹಂಚಿದರೆ ಹೆಚ್ಚೇನೂ ಆಗದು. ನನ್ನ ತಕರಾರು ಅದರ ಧಾವಂತದ ಬಗ್ಗೆ. ದಿನಕ್ಕೊಂದು ಹೋಟೆಲ್, ಬೆಳಗಾಗುವ ಮುಂಚೆ ಸೂಟ್‌ಕೇಸ್ ಕೆಳಗಿಳಿಸುವುದು, ಒಂದೊಂದು ಜಾಗದಲ್ಲಿ ಫೋಟೊಗೆ ಮಾತ್ರ ಸಮಯ. ಎಪ್ಪತ್ತು ದಾಟುತ್ತಿರುವವರಿಗೆ ಸುಸ್ತು ತರುವುದು ರೈಲಲ್ಲ, ಈ ಗಡಿಬಿಡಿ.

ಆದ್ದರಿಂದ ಹತ್ತು ದಿನಕ್ಕೆ ಎರಡೇ ಊರುಗಳಲ್ಲಿ ತಂಗಿ. ಮೊದಲರ್ಧ ಲುಜರ್ನ್, ಉಳಿದರ್ಧ ಇಂಟರ್‌ಲಾಕನ್ ಅಥವಾ ಅದರ ಪಕ್ಕದ ಲೌಟರ್‌ಬ್ರುನ್ನನ್. ಅಡುಗೆಮನೆಯಿರುವ ಅಪಾರ್ಟ್‌ಮೆಂಟ್ ಸಿಕ್ಕರೆ ಇನ್ನೂ ಒಳ್ಳೆಯದು. ಸ್ಟೇಷನ್ನಿಗೆ ನಡೆದು ಹೋಗುವಷ್ಟು ಹತ್ತಿರ ಇರಲಿ. ಬಾಡಿಗೆ ಸ್ವಲ್ಪ ಹೆಚ್ಚಾದರೂ ಪರವಾಗಿಲ್ಲ. ಬೆಳಿಗ್ಗೆ ಕೈಚೀಲ ಮಾತ್ರ ಹಿಡಿದು ಹೊರಟು ಸಂಜೆಗೆ ಅದೇ ಮನೆಗೆ ಮರಳಿದರೆ ಲಗೇಜ್ ಎಳೆದಾಡುವುದು ಇಡೀ ಪ್ರವಾಸದಲ್ಲಿ ಎರಡು ಮೂರು ಸಲ ಅಷ್ಟೇ. ಲುಜರ್ನ್‌ನಿಂದ ಇಂಟರ್‌ಲಾಕನ್‌ಗೆ ಹೋಗುವ ರೈಲು ಬ್ರ್ಯೂನಿಗ್ ಘಟ್ಟವನ್ನು ಹಲ್ಲಿನ ಹಳಿಯ (ಕಡಿದಾದ ಏರಿನಲ್ಲಿ ರೈಲಿನ ಹಲ್ಲುಚಕ್ರ ಕಚ್ಚಿಕೊಳ್ಳುವಂತೆ ನಡುವೆ ಹಾಕಿದ ಹಳಿ) ಮೇಲೆ ಹತ್ತಿ ಇಳಿದು, ಸುಮಾರು ಎರಡು ಗಂಟೆಯಲ್ಲಿ ತಲುಪಿಸುತ್ತದೆ. ಜಾಗ ಬದಲಿಸುವ ಆ ದಿನವೇ ಒಂದು ಪ್ರವಾಸವಾಗುತ್ತದೆ.

ಒಂದು ದಿನದ ಮಾದರಿ ಕೊಡುತ್ತೇನೆ. ಲುಜರ್ನ್ ಸ್ಟೇಷನ್ನಿನಿಂದ ಹೊರಬಂದರೆ ಎದುರಿಗೇ ದೋಣಿಕಟ್ಟೆ. ಆ ಸರೋವರದಲ್ಲಿ ಐದು ಹಳೆಯ ಹಬೆದೋಣಿಗಳು ಈಗಲೂ ಓಡುತ್ತವೆ. ಅವುಗಳಲ್ಲಿ ಹಿರಿಯದಾದ ‘ಊರಿ’ 1901ರದ್ದು. ದೋಣಿಯ ನಡುಭಾಗದಲ್ಲಿ ಕಟಕಟೆಗೆ ಒರಗಿ ಕೆಳಗೆ ಬಗ್ಗಿ ನೋಡಿದರೆ ಎಣ್ಣೆ ಹಚ್ಚಿದ ಉಕ್ಕಿನ ದಂಡಗಳು ಹಿಂದೆ ಮುಂದೆ ಸರಿಯುತ್ತ ಎರಡು ಬದಿಯ ಚಕ್ರಗಳನ್ನು ತಿರುಗಿಸುವುದು ಕಾಣುತ್ತದೆ. ಮಗಳನ್ನು ಅಲ್ಲಿ ನಿಲ್ಲಿಸಿ; ಅವಳನ್ನು ಅಲ್ಲಿಂದ ಕದಲಿಸುವುದೇ ಕಷ್ಟವಾದೀತು. ಸುಮಾರು ಒಂದು ಗಂಟೆಗೆ ವಿಟ್ಸ್‌ನಾವ್. ಅಲ್ಲಿಂದ ರಿಗಿ ಬೆಟ್ಟಕ್ಕೆ ಹಲ್ಲಿನ ಹಳಿಯ ರೈಲು. 1871ರಲ್ಲಿ ಶುರುವಾದ ಇದು ಯುರೋಪಿನಲ್ಲಿ ಬೆಟ್ಟವೇರಿದ ಮೊದಲ ಹಲ್ಲುಹಳಿ ರೈಲು. 1,798 ಮೀಟರ್ ಎತ್ತರದ ತುದಿಗೆ ಹತ್ತಿರದವರೆಗೂ ಕೂತೇ ಹೋಗಬಹುದು. ಇಳಿಯುವಾಗ ಇನ್ನೊಂದು ಬದಿಯಲ್ಲಿ ಆರ್ತ್–ಗೋಲ್ಡಾವ್‌ಗೆ ಇಳಿದು ಅಲ್ಲಿಂದ ರೈಲಿನಲ್ಲಿ ಲುಜರ್ನ್‌ಗೆ ಮರಳಿ. ಹೋದ ದಾರಿಯಲ್ಲೇ ವಾಪಸಾಗುವ ಪ್ರಮೇಯವಿಲ್ಲ. ಕಾರಿನಲ್ಲಿ ಹೋಗಿದ್ದರೆ ಈ ಸುತ್ತು ಸಾಧ್ಯವಿರಲಿಲ್ಲ, ನಿಲ್ಲಿಸಿದ ಕಡೆಗೇ ಹಿಂದಿರುಗಬೇಕಿತ್ತು.

ಎರಡು ಎಚ್ಚರಿಕೆ. ಇಂಟರ್‌ಲಾಕನ್ ಕಡೆಯಿಂದ ರೈಲಿನಲ್ಲೇ ಏರಬಹುದಾದ ಹಿಮದ ತಾಣ ಯುಂಗ್‌ಫ್ರಾಯೋಖ್ 3,454 ಮೀಟರ್ ಎತ್ತರದಲ್ಲಿದೆ. ಬಿಪಿ, ಹೃದಯದ ತೊಂದರೆ ಇದ್ದರೆ ಹೊರಡುವ ಮುಂಚೆ ವೈದ್ಯರನ್ನು ಕೇಳಿ. ಮೇಲೆ ಹೋದ ಮೇಲೆ ತಲೆ ಸುತ್ತಿದರೆ ಮುಂದಿನ ರೈಲಿಗೇ ಇಳಿದುಬಿಡಿ. ಮತ್ತೆ, ಫುರ್ಕಾ, ಗ್ರಿಮ್ಸೆಲ್‌ನಂಥ ಎತ್ತರದ ಘಟ್ಟದ ರಸ್ತೆಗಳು ಮೇ ಕೊನೆಯಲ್ಲೂ ಹಿಮದಿಂದ ಮುಚ್ಚಿರುವುದುಂಟು. ಆ ಕಡೆಯ ಬಸ್ ಪ್ರಯಾಣವನ್ನು ಯೋಜನೆಯಲ್ಲಿ ಸೇರಿಸಬೇಡಿ.

ಪ್ರಶ್ನೆ: ಸ್ವಿಸ್ ಟ್ರಾವೆಲ್ ಪಾಸ್ ತೆಗೆದುಕೊಳ್ಳಲೇಬೇಕೆ? ದುಬಾರಿ ಅನ್ನಿಸುತ್ತದೆ. – ಹುಬ್ಬಳ್ಳಿಯ ಓದುಗರು

ಉತ್ತರ: ದುಬಾರಿಯೇ. ನೀವು ಹೇಗೆ ಓಡಾಡುತ್ತೀರಿ ಎಂಬುದರ ಮೇಲೆ ಅದು ಲಾಭವೋ ನಷ್ಟವೋ ನಿರ್ಧಾರವಾಗುತ್ತದೆ. ಟ್ರಾವೆಲ್ ಪಾಸ್ 3, 4, 6, 8 ಅಥವಾ 15 ದಿನಗಳಿಗೆ ಸಿಗುತ್ತದೆ. ದೇಶದ ಬಹುತೇಕ ರೈಲು, ಹಳದಿ ಪೋಸ್ಟ್ ಬಸ್, ಸರೋವರದ ದೋಣಿ, ಊರೊಳಗಿನ ಟ್ರ್ಯಾಮ್, ಐನೂರಕ್ಕೂ ಹೆಚ್ಚು ಮ್ಯೂಸಿಯಂ ಎಲ್ಲಕ್ಕೂ ಅದೊಂದೇ ಸಾಕು. ಮೇಲೆ ಹೇಳಿದ ರಿಗಿಯ ಸುತ್ತು ಪೂರ್ತಿ ಅದರಲ್ಲೇ ಬರುತ್ತದೆ. ಆದರೆ ಎತ್ತರದ ಬೆಟ್ಟಗಳಿಗೆ ಅದು ಪೂರ್ತಿ ನಡೆಯುವುದಿಲ್ಲ. ಟಿಟ್ಲಿಸ್‌ಗೆ ಅರ್ಧ ದರ, ಯುಂಗ್‌ಫ್ರಾಯೋಖ್‌ನ ಮೇಲಿನ ಭಾಗಕ್ಕೆ ಕಾಲು ಭಾಗ ಮಾತ್ರ ರಿಯಾಯಿತಿ.

ಇನ್ನೊಂದು, ಹಾಫ್ ಫೇರ್ ಕಾರ್ಡ್. ಒಂದು ತಿಂಗಳು ಚಾಲ್ತಿಯಲ್ಲಿರುತ್ತದೆ, ಹೆಚ್ಚೂಕಡಿಮೆ ಎಲ್ಲಕ್ಕೂ ಅರ್ಧ ಟಿಕೆಟ್, ಯುಂಗ್‌ಫ್ರಾಯೋಖ್‌ಗೂ ಅರ್ಧ. ಒಂದೇ ಊರಲ್ಲಿ ಉಳಿದು ದುಬಾರಿ ಬೆಟ್ಟಗಳನ್ನು ಏರುವವರಿಗೆ ಇದೇ ಸರಿ. ದಿನವೂ ದೂರ ಹೋಗುವವರಿಗೆ, ದೋಣಿ ಮ್ಯೂಸಿಯಂ ಪ್ರಿಯರಿಗೆ, ಪ್ರತಿ ಸಲ ಟಿಕೆಟ್ ಕೊಳ್ಳುವ ರಗಳೆ ಬೇಡ ಎನ್ನುವವರಿಗೆ ಪಾಸ್. ಎರಡರಲ್ಲಿ ಯಾವುದನ್ನು ಕೊಂಡರೂ ಫ್ಯಾಮಿಲಿ ಕಾರ್ಡ್ ಕೇಳಿ ಪಡೆಯಿರಿ. ಅದಕ್ಕೆ ದುಡ್ಡಿಲ್ಲ. ತಂದೆ ಅಥವಾ ತಾಯಿಯ ಜೊತೆಗಿರುವ ಆರರಿಂದ ಹದಿನೈದು ವರ್ಷದ ಮಕ್ಕಳಿಗೆ ಅದರಿಂದ ಪ್ರಯಾಣ ಉಚಿತ. ಏಜೆಂಟರು ಇದನ್ನು ಹೇಳಲು ಎಷ್ಟೋ ಸಲ ಮರೆಯುತ್ತಾರೆ.

ಹೋಟೆಲಿನಲ್ಲೂ ಕೇಳಿ. ಬಾಸೆಲ್, ಬರ್ನ್, ತಿಚಿನೊ ಮುಂತಾದ ಕಡೆ ರಾತ್ರಿ ತಂಗುವವರಿಗೆ ಆ ಪ್ರದೇಶದ ಬಸ್ಸು–ರೈಲು ಉಚಿತ.

ಹಣ ಉಳಿಯುವ ಇನ್ನೊಂದು ಜಾಗ, ಆಲ್ಪ್ಸ್ ದಾಟಿ ಇಟಲಿಗೆ ಇಳಿಯುವ ಬರ್ನಿನಾ ರೈಲುಮಾರ್ಗ. ಎಲ್ಲರೂ ಬರ್ನಿನಾ ಎಕ್ಸ್‌ಪ್ರೆಸ್‌ನ ಗಾಜಿನ ಬೋಗಿಗೆ ಸೀಟು ಕಾಯ್ದಿರಿಸಲು ಮುಗಿಬೀಳುತ್ತಾರೆ. ಅದಕ್ಕೆ ಪಾಸ್ ಇದ್ದರೂ ಹೆಚ್ಚುವರಿ ಹಣ ಕೊಡಬೇಕು. ಅದೇ ಹಳಿಯ ಮೇಲೆ, ಅದೇ ಲಾಂಡ್‌ವಾಸರ್ ಸೇತುವೆ ದಾಟಿ, 2,253 ಮೀಟರ್ ಎತ್ತರದ ಓಸ್ಪಿಟ್ಸಿಯೊ ಬರ್ನಿನಾ ಹತ್ತಿ, ಇಟಲಿಯ ತಿರಾನೊವರೆಗೆ ಸಾಮಾನ್ಯ ಕೆಂಪು ರೈಲುಗಳೂ ಓಡುತ್ತವೆ. ನಡುವೆ ಒಂದು ಕಡೆ ರೈಲು ಬದಲಿಸಬೇಕಾಗಬಹುದು, ಅಷ್ಟೇ. ಅವುಗಳಲ್ಲಿ ಸೀಟು ಕಾಯ್ದಿರಿಸುವ ಹಂಗಿಲ್ಲ. ಕೆಲವು ಬೋಗಿಗಳ ಕಿಟಕಿ ಕೆಳಗಿಳಿಯುತ್ತದೆ, ಫೋಟೊದಲ್ಲಿ ಗಾಜಿನ ಪ್ರತಿಬಿಂಬ ಬರುವುದಿಲ್ಲ. ಇಷ್ಟವಾದ ಊರಲ್ಲಿ ಇಳಿದು ಮುಂದಿನ ರೈಲು ಹಿಡಿಯಬಹುದು. ನಾನಂತೂ ಯಾರು ಕೇಳಿದರೂ ಸಾಮಾನ್ಯ ರೈಲನ್ನೇ ಹೇಳುತ್ತೇನೆ.

ಪ್ರಶ್ನೆ: ವಿಮಾನದಲ್ಲಿ ಅಷ್ಟು ದೂರ ಹಾರಿ ಹೋಗಿ, ಅಲ್ಲಿ ರೈಲು ಹತ್ತಿ ‘ಪರಿಸರಸ್ನೇಹಿ ಪ್ರವಾಸ’ ಎನ್ನುವುದರಲ್ಲಿ ಅರ್ಥವಿದೆಯೇ? – ಮೈಸೂರಿನ ಓದುಗರು

ಉತ್ತರ: ನೇರ ಪ್ರಶ್ನೆ, ನೇರವಾಗಿಯೇ ಹೇಳುತ್ತೇನೆ. ಬೆಂಗಳೂರಿನಿಂದ ಜ್ಯೂರಿಕ್‌ಗೆ ಹೋಗಿ ಬಂದರೆ ಎಕಾನಮಿ ಸೀಟಿನಲ್ಲೂ ಒಬ್ಬರ ಪಾಲಿಗೆ ಒಂದು ಟನ್ನಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಬೀಳುತ್ತದೆ. ಅಲ್ಲಿ ಎಷ್ಟು ರೈಲು ಹತ್ತಿದರೂ ಅದು ಅಳಿಸಿಹೋಗುವುದಿಲ್ಲ. ಹೋಗದೆ ಇರುವುದೇ ಅತ್ಯಂತ ಕಡಿಮೆ ಹೊಗೆಯ ದಾರಿ ಎಂಬುದೂ ನಿಜ.

ಹೋಗುವುದೇ ಖಚಿತವಾದರೆ ಎರಡು ವಿಷಯ ನಿಮ್ಮ ಕೈಯಲ್ಲಿವೆ. ಎರಡು ವರ್ಷಕ್ಕೊಮ್ಮೆ ಐದೈದು ದಿನ ಹಾರುವ ಬದಲು ಒಮ್ಮೆ ಹೋಗಿ ಹೆಚ್ಚು ದಿನ ಇರಿ. ಯುರೋಪಿನೊಳಗೆ ಮತ್ತೆ ವಿಮಾನ ಹತ್ತಬೇಡಿ. ಜ್ಯೂರಿಕ್‌ನಿಂದ ಪ್ಯಾರಿಸ್‌ಗೆ ರೈಲಿನಲ್ಲಿ ಸುಮಾರು ನಾಲ್ಕು ಗಂಟೆ, ಮಿಲಾನ್‌ಗೆ ಮೂರೂವರೆ ಗಂಟೆಯ ಆಸುಪಾಸು. ಮಿಲಾನ್ ರೈಲು 2016ರಲ್ಲಿ ತೆರೆದ 57 ಕಿ.ಮೀ. ಉದ್ದದ ಗೋಟ್‌ಹಾರ್ಡ್ ಸುರಂಗದ ಮೂಲಕ ಹೋಗುತ್ತದೆ. ವಿಯೆನ್ನಾಕ್ಕೆ ಮಲಗಿಕೊಂಡು ಹೋಗುವ ರಾತ್ರಿ ರೈಲಿದೆ, ಒಂದು ರಾತ್ರಿಯ ಹೋಟೆಲ್ ಖರ್ಚೂ ಉಳಿಯಿತು.

ಅಲ್ಲಿನ ರೈಲು ಶುದ್ಧವಾಗಿರುವುದಕ್ಕೂ ಕಾರಣವಿದೆ. ಮೊದಲ ಮಹಾಯುದ್ಧದಲ್ಲಿ ಕಲ್ಲಿದ್ದಲು ಸಿಗದೆ ಸ್ವಿಸ್ ರೈಲುಗಳು ಪರದಾಡಿದವು. ದೇಶದಲ್ಲಿ ಕಲ್ಲಿದ್ದಲಿಲ್ಲ, ಆದರೆ ಬೆಟ್ಟದಿಂದ ಇಳಿಯುವ ನೀರಿದೆ. ಆಮೇಲೆ ಹಳಿಗಳನ್ನು ಬೇಗಬೇಗ ವಿದ್ಯುದೀಕರಿಸಿದರು, ರೈಲ್ವೆಯೇ ಜಲವಿದ್ಯುತ್ ಕೇಂದ್ರಗಳನ್ನು ಕಟ್ಟಿತು. ಈಗಲೂ ಅಲ್ಲಿನ ರೈಲುಗಳು ಓಡುವುದು ಬಹುಪಾಲು ಜಲವಿದ್ಯುತ್ತಿನಲ್ಲಿ.

ಪ್ರಶ್ನೆ: ಆ್ಯಪ್‌ನಲ್ಲಿ ರೈಲು ಬದಲಿಸಲು ಐದಾರು ನಿಮಿಷ ಮಾತ್ರ ತೋರಿಸುತ್ತಿದೆ. ತಪ್ಪಿಹೋದರೆ? – ಮಂಗಳೂರಿನ ಓದುಗರು

ಉತ್ತರ: ಆ ಐದು ನಿಮಿಷ ಬೇಕೆಂದೇ ಹಾಗಿಟ್ಟಿದ್ದು. 1982ರಿಂದ ಅಲ್ಲಿನ ವೇಳಾಪಟ್ಟಿ ಗಡಿಯಾರದ ಮುಳ್ಳಿಗೆ ಹೊಂದಿಕೊಂಡಿದೆ. ಒಂದು ಮಾರ್ಗದಲ್ಲಿ 9 ಗಂಟೆ 2 ನಿಮಿಷಕ್ಕೆ ರೈಲಿದ್ದರೆ 10:02ಕ್ಕೆ, 11:02ಕ್ಕೆ ಕೂಡ ಇರುತ್ತದೆ. ಜ್ಯೂರಿಕ್, ಬರ್ನ್, ಬಾಸೆಲ್‌ನಂಥ ದೊಡ್ಡ ನಿಲ್ದಾಣಗಳಿಗೆ ಎಲ್ಲ ದಿಕ್ಕಿನ ರೈಲುಗಳು ಗಂಟೆ ಹೊಡೆಯುವ ಸ್ವಲ್ಪ ಮುಂಚೆ ಬಂದು, ಹೊಡೆದ ಸ್ವಲ್ಪ ನಂತರ ಹೊರಡುತ್ತವೆ. 2004ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ಹೊಸ ವೇಳಾಪಟ್ಟಿಗಾಗಿ ಜ್ಯೂರಿಕ್–ಬರ್ನ್ ಪ್ರಯಾಣವನ್ನು ಒಂದು ಗಂಟೆಗಿಂತ ತುಸು ಕಡಿಮೆಗೆ ಇಳಿಸಿದ್ದೂ ಇದೇ ಕಾರಣಕ್ಕೆ. ಅದಕ್ಕಿಂತ ವೇಗ ಅವರಿಗೆ ಬೇಕಿರಲಿಲ್ಲ. ಅಲ್ಲಿಗೆ ಬಂದವರಿಗೆ ಮುಂದಿನ ರೈಲು ಸಿಗಬೇಕು, ಅಷ್ಟೇ.

ಹಾಗಾಗಿ ತಪ್ಪಿದರೂ ಗಾಬರಿ ಬೇಡ. ಅರ್ಧ ಅಥವಾ ಒಂದು ಗಂಟೆಯಲ್ಲಿ ಇನ್ನೊಂದು ಬರುತ್ತದೆ. ಪಾಸ್ ಅಥವಾ ಸಾಮಾನ್ಯ ಟಿಕೆಟ್ ಯಾವುದೇ ರೈಲಿಗೂ ನಡೆಯುತ್ತದೆ. ರಿಯಾಯಿತಿಯ ಸೂಪರ್‌ಸೇವರ್ ಟಿಕೆಟ್ ಮಾತ್ರ ನಿಗದಿತ ರೈಲಿಗೇ ಸೀಮಿತ, ಹಿರಿಯರು ಮಕ್ಕಳು ಜೊತೆಗಿದ್ದರೆ ಅದನ್ನು ಕೊಳ್ಳಬೇಡಿ. ಪ್ಲಾಟ್‌ಫಾರಂ ನಂಬರನ್ನು ಸ್ವಿಸ್ ರೈಲ್ವೆಯ ಎಸ್‌ಬಿಬಿ ಆ್ಯಪ್‌ನಲ್ಲಿ ಇಳಿಯುವ ಮುಂಚೆಯೇ ನೋಡಿಟ್ಟುಕೊಳ್ಳಿ. ಪ್ಲಾಟ್‌ಫಾರಂ ಮೇಲೆ ಎ, ಬಿ, ಸಿ, ಡಿ ಎಂಬ ಫಲಕಗಳಿರುತ್ತವೆ. ಎರಡನೇ ದರ್ಜೆಯ ಬೋಗಿ ಯಾವ ಅಕ್ಷರದ ಎದುರು ನಿಲ್ಲುತ್ತದೆಂದು ಮೇಲಿನ ಪರದೆಯಲ್ಲೇ ಕಾಣುತ್ತದೆ. ನಿಲ್ದಾಣದಲ್ಲಿ ತಡೆಗೇಟುಗಳಿಲ್ಲ ಎಂದು ಟಿಕೆಟ್ ಇಲ್ಲದೆ ಹತ್ತಬೇಡಿ. ತಪಾಸಣೆ ಆಗಾಗ ಆಗುತ್ತದೆ, ದಂಡ ಜೋರು.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಹಳ್ಳಿ ಕಡೆ ಉಳಿಯುವ ಆಸೆ. ಏನು ಗಮನಿಸಬೇಕು? – ಶಿರಸಿಯ ಓದುಗರು

ಉತ್ತರ: ಅಕ್ಕಿ, ಮೊಸರು, ತರಕಾರಿ, ಬ್ರೆಡ್ ಎಲ್ಲವೂ ಮಿಗ್ರೋಸ್, ಕೋಪ್ ಅಂಗಡಿಗಳಲ್ಲಿ ಸಿಗುತ್ತವೆ. ಭಾನುವಾರ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ, ದೊಡ್ಡ ಸ್ಟೇಷನ್ನುಗಳ ಒಳಗಿನವು ತೆರೆದಿರುತ್ತವೆ. ಶನಿವಾರವೇ ಸಾಮಾನು ತಂದಿಡಿ. ನೀರಿನ ಬಾಟಲಿ ಕೊಳ್ಳಬೇಡಿ. ನಲ್ಲಿ ನೀರು ಕುಡಿಯಬಹುದು, ಊರ ನಡುವಿನ ಕಾರಂಜಿಗಳ ನೀರೂ ಸಾಮಾನ್ಯವಾಗಿ ಕುಡಿಯಲು ಯೋಗ್ಯ. ಯೋಗ್ಯವಲ್ಲದ ಕಡೆ ಫಲಕ ಹಾಕಿರುತ್ತಾರೆ.

ಹಳ್ಳಿಗಳಿಗೆ ಹೋಗುವುದು ಹಳದಿ ಪೋಸ್ಟ್ ಬಸ್. ಘಟ್ಟದ ತಿರುವಿನಲ್ಲಿ ಅದು ಮೂರು ಸ್ವರದ ಹಾರ್ನ್ ಊದುತ್ತ ಬರುತ್ತದೆ. ಚಿಕ್ಕ ರೈಲು ನಿಲ್ದಾಣಗಳಲ್ಲಿ ಇಳಿಯಬೇಕಾದರೆ ಬೋಗಿಯೊಳಗಿನ ಗುಂಡಿ ಒತ್ತಬೇಕು, ಹತ್ತಬೇಕಾದರೆ ಪ್ಲಾಟ್‌ಫಾರಂ ಮೇಲಿನ ಗುಂಡಿ. ಒತ್ತದಿದ್ದರೆ ರೈಲು ನಿಲ್ಲದೆ ಹೋಗಿಬಿಡುತ್ತದೆ. ಕೆಲವು ಕಣಿವೆಗಳಲ್ಲಿ ಕೊನೆಯ ಬಸ್ಸು ಸಂಜೆಗೇ ಹೊರಟುಬಿಡುತ್ತದೆ, ಭಾನುವಾರದ ವೇಳಾಪಟ್ಟಿ ಬೇರೆಯೇ ಇರುತ್ತದೆ. ಮನೆ ಬುಕ್ ಮಾಡುವ ಮುಂಚೆ ಆ ಊರಿನ ಕೊನೆಯ ಬಸ್ಸಿನ ಸಮಯವನ್ನು ಆ್ಯಪ್‌ನಲ್ಲಿ ನೋಡಿ. ಸಂಜೆ ಏಳಕ್ಕಿಂತ ಮುಂಚೆ ಇದ್ದರೆ, ರೈಲು ನಿಲ್ದಾಣವಿರುವ ಪಕ್ಕದ ಊರನ್ನೇ ಆರಿಸಿಕೊಳ್ಳಿ.