ಸಂಪಾದಕರ ಉತ್ತರ: ಹೋಗುವಾಗ ಯಾವ ಬಟ್ಟೆ ಹಾಕಿದ್ರು?

ಚಿಂತಾಮಣಿಯಿಂದ ಬಂದಿರೋ ಕಾಗದ ಇದು. ಬರೆದೋರು ಹೆಸರು ಹಾಕ್ಬೇಡಿ ಅಂದಿದಾರೆ, ಹಾಕಲ್ಲ. ಒಟ್ಟು ಆರು ಪುಟ. ಕಾಣೆಯಾದವರ ಕಥೆ, ಬಗೆಹರಿಯದ ಕೊಲೆ ಕೇಸು, ಹಳೇ ಕಾಲದ ರಹಸ್ಯ ಇಂಥವನ್ನ ಓದೋಕೆ ಕೂತ್ರೆ ರಾತ್ರಿ ಎರಡು ಗಂಟೆ ಆದ್ರೂ ಏಳಲ್ವಂತೆ, ಅಮ್ಮ "ಸತ್ತೋರ ಸುದ್ದಿ ನಿಂಗ್ಯಾಕೆ" ಅಂತ ಬೈತಾರಂತೆ. ಕೊನೇಲಿ ಕೇಳಿರೋದು ಇಷ್ಟು: ಬೇರೆಯವರ ನೋವನ್ನ ಕಥೆ ಥರ ಓದ್ತಿದೀನಿ, ಇದು ತಪ್ಪಾ ಸರ್?

ನೋಡಮ್ಮ, ತಪ್ಪು ಅಂತ ನಾನು ಹೇಳಲ್ಲ. ಒಬ್ಬ ಮನುಷ್ಯ ಇದ್ದಕ್ಕಿದ್ದಂಗೆ ಇಲ್ಲ ಅಂದ್ರೆ ಎಲ್ಲಿ ಹೋದ ಅಂತ ಕೇಳೋದು ಸಹಜ, ಕೇಳದೇ ಇರೋದೇ ನಂಗೆ ಭಯ ಹುಟ್ಸುತ್ತೆ. ಆದ್ರೆ ನಿಮ್ಮ ಕಾಗದ ಓದ್ತಾ ಒಂದು ವಿಷ್ಯ ಮನಸ್ಸಿಗೆ ಚುಚ್ತು, ಅದಕ್ಕೆ ಆಮೇಲೆ ಬರ್ತೀನಿ.

ಅಡಿಲೇಡ್ ಕೇಸಿನ ಬಗ್ಗೆ ಎರಡು ಪುಟ ಬರೆದಿದೀರ. ಗೊತ್ತಿಲ್ಲದ ಓದುಗರಿಗೆ ಹೇಳ್ತೀನಿ, 1948ರ ಡಿಸೆಂಬರ್ 1ನೇ ತಾರೀಕು ಆಸ್ಟ್ರೇಲಿಯಾದ ಅಡಿಲೇಡ್ ಊರಿನ ಸೋಮರ್ಟನ್ ಬೀಚಲ್ಲಿ ಒಬ್ಬ ಗಂಡಸಿನ ಹೆಣ ಸಿಕ್ತು, ಒಳ್ಳೇ ಡ್ರೆಸ್ಸು, ಆದ್ರೆ ಬಟ್ಟೆ ಮೇಲಿನ ಲೇಬಲ್ಲೇ ಇಲ್ಲ, ಪ್ಯಾಂಟಿನ ಚಿಕ್ಕ ಜೇಬಲ್ಲಿ ಸುತ್ತಿಟ್ಟ ಒಂದು ಚೂರು ಪೇಪರ್, ಅದ್ರಲ್ಲಿ "ತಮಾಮ್ ಶುದ್", ಪರ್ಷಿಯನ್ ಭಾಷೇಲಿ ಮುಗೀತು ಅಂತ. ನಮ್ಮ ಮುಳಬಾಗಿಲಿನ ಡಿವಿಜಿಯವರು "ಉಮರನ ಒಸಗೆ" ಅಂತ ಕನ್ನಡಕ್ಕೆ ತಂದ್ರಲ್ಲ, ಅದೇ ಉಮರ್ ಖಯ್ಯಾಮನ ಪದ್ಯಗಳ ಇಂಗ್ಲಿಷ್ ಪುಸ್ತಕದ ಕೊನೇ ಪುಟದಿಂದ ಹರಿದಿದ್ದು. ಎಪ್ಪತ್ತು ವರ್ಷ ಜನ ಅವನನ್ನ ಗೂಢಚಾರ ಅಂದ್ರು, ವಿಷ ಹಾಕಿದ್ರು ಅಂದ್ರು, ಪುಸ್ತಕದ ಹಿಂದಿದ್ದ ಅಕ್ಷರಗಳನ್ನ ಸಂಕೇತ ಅಂತ ಬಿಡಿಸೋಕೆ ಒದ್ದಾಡಿದ್ರು. 1949ರಲ್ಲಿ ಪೊಲೀಸ್ರು ಅವನ ಮುಖ ಮತ್ತು ಎದೆಯ ಅಚ್ಚು ತೆಗೆಸಿದ್ರಲ್ಲ, ಆ ಪ್ಲಾಸ್ಟರಲ್ಲಿ ಸಿಕ್ಕಿಹಾಕ್ಕೊಂಡಿದ್ದ ಕೂದಲಿಂದ ಡಿಎನ್‌ಎ ತೆಗೆದು 2022ರಲ್ಲಿ ಸಂಶೋಧಕರು ಇವನು ಮೆಲ್ಬರ್ನಿನ ಕಾರ್ಲ್ ವೆಬ್, 1905ರಲ್ಲಿ ಹುಟ್ಟಿದೋನು, ಎಲೆಕ್ಟ್ರಿಕಲ್ ಇಂಜಿನಿಯರ್ ಅಂದ್ರು. ಹೆಂಡ್ತಿ ಇದ್ಳು, ಅಣ್ಣ ಅಕ್ಕಂದಿರಿದ್ರು. ನೀವು ಇದನ್ನ ಓದಿ "ಬೇಜಾರಾಯ್ತು ಸರ್, ಮಿಸ್ಟರಿ ಹೋಯ್ತು" ಅಂದಿದೀರ. ನಂಗೆ ಆ ಹೆಸರು ಓದಿದ ದಿನ ಅಳು ಬಂತು. ಅವನಿಗೆ ಒಂದು ಮನೆ ಇತ್ತು ಅಂತ ಗೊತ್ತಾಯ್ತಲ್ಲ.

ಯಾಕೆ ಅಂತ ಹೇಳ್ತೀನಿ. 1990ರ ದಶಕದ ಶುರುವಲ್ಲಿ ಕೋಲಾರದ ಒಂದು ಪತ್ರಿಕೇಲಿ ಸೇರ್ಕೊಂಡಾಗ ನಂಗೆ ಕೊಟ್ಟ ಮೊದಲ ಕೆಲಸ ಪೊಲೀಸ್ ಪ್ರಕಟಣೆ ಬರೆಯೋದು. "ಕಾಣೆಯಾಗಿದ್ದಾರೆ" ಅಂತ ಬರುತ್ತಲ್ಲ, ಎತ್ತರ 5 ಅಡಿ 4 ಅಂಗುಲ, ಗೋಧಿ ಮೈಬಣ್ಣ, ಕೋಲುಮುಖ, ಕನ್ನಡ ತೆಲುಗು ಮಾತನಾಡುತ್ತಾರೆ, ಮನೆಯಿಂದ ಹೋಗುವಾಗ ಇಂಥ ಬಟ್ಟೆ ಧರಿಸಿದ್ದರು, ಅದು. ಪೇಜಲ್ಲಿ ಜಾಗ ಸಾಲ್ದೇ ಇದ್ರೆ ನಾನು ಮೊದ್ಲು ತೆಗೀತಿದ್ದಿದ್ದು ಆ ಬಟ್ಟೆ ಸಾಲನ್ನ. ಒಂದಿನ ಮಾಲೂರು ಕಡೆಯ ಒಬ್ಬ ಅಜ್ಜಿ ಆಫೀಸಿಗೆ ಬಂದು ಪೇಪರ್ ಟೇಬಲ್ ಮೇಲಿಟ್ಟು "ಹಸಿರು ಗೆರೆ ಲುಂಗಿ ಅಂತ ಬರೆಸಿದ್ದೆ ಸಾಮಿ, ಅದೆಲ್ಲಿ" ಅಂದ್ರು. ಅವರಿಗೆ ಓದೋಕೆ ಬರ್ತಿರ್ಲಿಲ್ಲ, ಬಸ್ಸಲ್ಲಿ ಯಾರ ಹತ್ರನೋ ಓದಿಸ್ಕೊಂಡು ಬಂದಿದ್ರು. ಎತ್ತರ ಮೈಬಣ್ಣ ಸಾವಿರ ಜನಕ್ಕೆ ಹೊಂದುತ್ತೆ, ಲುಂಗಿ ಅವರೇ ಒಗೆದು ಕೊಟ್ಟಿದ್ದು. ಅವತ್ತಿಂದ ಆ ಸಾಲಿಗೆ ನಾನು ಕೈ ಹಾಕಿಲ್ಲ.

ಅದೇ ಪೇಜಲ್ಲಿ ಇನ್ನೊಂದು ಪ್ರಕಟಣೆ ಇರುತ್ತೆ, "ಅಪರಿಚಿತ ಶವ ಪತ್ತೆ". ಎರಡೂ ಅಕ್ಕಪಕ್ಕ. ಇದನ್ನ ಅದಕ್ಕೆ ಹೊಂದಿಸಿ ನೋಡೋರು ಯಾರು? ಸೈನೈಡ್ ಮೋಹನ್ ಕೇಸು ನೆನಪಿಸ್ಕೊಳ್ಳಿ. ದಕ್ಷಿಣ ಕನ್ನಡದ ಒಬ್ಬ ಮೇಷ್ಟ್ರು, ಮದುವೆ ಆಗ್ತೀನಿ ಅಂತ ಬಡ ಮನೆಯ ಹೆಣ್ಮಕ್ಕಳನ್ನ ಕರ್ಕೊಂಡು ಹೋಗಿ ಕೊಲ್ತಿದ್ದ, 2003ರಿಂದ 2009ರವರೆಗೆ 20 ಜನ. ಹೆಣಗಳು ಮಡಿಕೇರಿ, ಹಾಸನ, ಮೈಸೂರು, ಬೆಂಗಳೂರು ಹಿಂಗೆ ಬೇರೆಬೇರೆ ಊರಿನ ಬಸ್ ಸ್ಟ್ಯಾಂಡ್ ಟಾಯ್ಲೆಟ್‌ನಲ್ಲಿ ಸಿಗ್ತಿದ್ವು, ಅಲ್ಲಿ ಅಪರಿಚಿತ ಹೆಂಗಸು ಅಂತ ಫೈಲು, ಇಲ್ಲಿ ಮನೇಲಿ ಯಾರ ಜೊತೆಗೋ ಓಡಿಹೋದ್ಳು ಅಂತ ಮರ್ಯಾದೆಗಂಜಿ ಸುಮ್ಮನಿದ್ದ ಅಪ್ಪ ಅಮ್ಮ. ಆರು ವರ್ಷ ಈ ಎರಡು ಕಾಗದ ಒಂದೇ ಟೇಬಲ್ಲಿಗೆ ಬರ್ಲಿಲ್ಲ. 2009ರಲ್ಲಿ ಬಂಟ್ವಾಳ ಕಡೆಯ ಒಬ್ಬ ಹುಡುಗಿ ಕಾಣೆಯಾದಾಗ ಜನ ಬೀದಿಗಿಳಿದ್ರು, ಪೊಲೀಸ್ರು ಫೋನ್ ಕಾಲ್ ದಾಖಲೆ ಹಿಡಿದು ಹೊರಟ್ರು, ಆಗ ಒಂದೊಂದೇ ಹೊರಗೆ ಬಂತು. ನಂಗೆ ಆ ಕೊಲೆಗಾರನ ತಲೆಯೊಳಗೆ ಏನಿತ್ತು ಅನ್ನೋದ್ರಲ್ಲಿ ಸ್ವಲ್ಪನೂ ಆಸಕ್ತಿ ಇಲ್ಲ, ಆ ಎರಡು ಕಾಗದದ ಮಧ್ಯದ ದೂರ ಇದೆಯಲ್ಲ ಅದೇ ನನ್ನ ನಿದ್ದೆ ಕೆಡಿಸೋದು.

ಮೇರಿ ಸೆಲೆಸ್ಟ್ ಹಡಗಿನ ಬಗ್ಗೆ ನನ್ನ ಅಭಿಪ್ರಾಯ ಕೇಳಿದೀರ. 1872ರಲ್ಲಿ 10 ಜನ ಹತ್ತಿದ ಹಡಗು ಯಾರೂ ಇಲ್ದೇ ತೇಲ್ತಿತ್ತು, ಸಣ್ಣ ದೋಣಿನೂ ಇರ್ಲಿಲ್ಲ. ಸರಕು ಆಲ್ಕೋಹಾಲ್, 1701 ಪೀಪಾಯಿ, ಆವಿ ತುಂಬ್ಕೊಂಡು ಸಿಡಿಯುತ್ತೆ ಅಂತ ಹೆದರಿ ದೋಣಿಗೆ ಇಳಿದಿರಬೇಕು ಅನ್ನೋದೇ ನಂಗೆ ಸರಿ ಕಾಣುತ್ತೆ. ಕ್ಯಾಪ್ಟನ್ನಿನ ಎರಡು ವರ್ಷದ ಮಗಳೂ ಅದ್ರಲ್ಲಿದ್ಳು.

ಈಗ ಚುಚ್ಚಿದ ವಿಷ್ಯಕ್ಕೆ ಬರ್ತೀನಿ. ಐದನೇ ಪುಟದ ಕೊನೇಲಿ ಒಂದು ಸಾಲು ಬರೆದಿದೀರ, "ನಮ್ಮ ಮಾಮ ಒಬ್ಬರು 1994ರಲ್ಲಿ ರೇಷ್ಮೆ ಗೂಡು ತಗೊಂಡು ಶಿಡ್ಲಘಟ್ಟ ಮಾರ್ಕೆಟ್ಟಿಗೆ ಹೋದೋರು ವಾಪಸ್ ಬರ್ಲಿಲ್ಲ, ಅದಕ್ಕೇ ಅಮ್ಮಂಗೆ ಇದೆಲ್ಲ ಆಗಲ್ಲ". ಅಷ್ಟೇ. ಅಡಿಲೇಡಿಗೆ ಎರಡು ಪುಟ, ಅಮ್ಮನ ತಮ್ಮನಿಗೆ ಒಂದು ಸಾಲು. ಬೈತಿಲ್ಲಮ್ಮ, ಹತ್ತಿರದ ನೋವಿಗೆ ಮಾತು ಕಮ್ಮಿ ಅಂತ ಗೊತ್ತು ನಂಗೆ. ಆದ್ರೆ ಆರು ಪುಟದಲ್ಲಿ ನಾನು ನಾಲ್ಕು ಸಲ ಓದಿದ್ದು ಅದೊಂದೇ ಸಾಲು.

ಗೂಡು ಮಾರಿದ್ರಾ? ಮಾರ್ಕೆಟ್ಟಲ್ಲಿ ಹರಾಜಾದ್ರೆ ಚೀಟಿ ಇರ್ಬೇಕು, ದುಡ್ಡು ತಗೊಂಡಿದ್ರೆ ಸಹಿ ಇರ್ಬೇಕು. ಮಾರಿ ದುಡ್ಡು ಇಟ್ಕೊಂಡು ಹೋದ ಮನುಷ್ಯ ಬೇರೆ, ಮಾರ್ಕೆಟ್ಟೇ ಮುಟ್ಟದ ಮನುಷ್ಯ ಬೇರೆ. ಒಬ್ಬರೇ ಹೋದ್ರಾ, ಟೆಂಪೋದಲ್ಲಾ, ಬಸ್ಸಲ್ಲಾ? ಕಂಪ್ಲೇಂಟ್ ಕೊಟ್ಟಿದ್ರಾ? ಆಗ ನಿಮ್ಮೂರು ಕೋಲಾರ ಜಿಲ್ಲೆ, ಚಿಕ್ಕಬಳ್ಳಾಪುರ ಬೇರೆ ಆಗಿದ್ದು 2007ರಲ್ಲಿ, ಹಂಗಾಗಿ ಕಾಗದ ಹುಡುಕೋದಾದ್ರೆ ಎರಡೂ ಕಡೆ ಕೇಳ್ಬೇಕು. ಪೊಲೀಸ್ರು ಪತ್ತೆಯಾಗ್ಲಿಲ್ಲ ಅಂತ ಸಿ ರಿಪೋರ್ಟ್ ಹಾಕಿದ್ರೂ ಹೊಸ ಸುಳಿವು ಸಿಕ್ರೆ ತನಿಖೆ ಮುಂದುವರಿಸ್ಬಹುದು, ಬಾಗಿಲು ಮುಚ್ಚಿಲ್ಲ. ಏಳು ವರ್ಷ ಸುದ್ದಿ ಇಲ್ಲದವರನ್ನ ಸತ್ತಿದಾರೆ ಅಂತ ಕೋರ್ಟು ಭಾವಿಸಬಹುದು ಅನ್ನೋ ಕಾನೂನಿದೆ, ಜಮೀನು ಖಾತೆ ವಿಷ್ಯಕ್ಕೆ ಬೇಕಾಗುತ್ತೆ, ಆದ್ರೆ ಅದನ್ನ ಅಮ್ಮನ ಹತ್ರ ಈಗ್ಲೇ ಎತ್ತಬೇಡಿ.

ಅಮ್ಮ ಅಡುಗೆಮನೇಲಿ ಒಬ್ಬರೇ ಇದ್ದಾಗ, ಅವಸರ ಮಾಡ್ದೇ, ಅವತ್ತು ಬೆಳಗ್ಗೆ ಮಾಮ ಏನು ತಿಂದು ಹೋದ್ರು ಅಂತ ಕೇಳಿ. ಅಲ್ಲಿಂದ ಅವರೇ ಹೇಳ್ತಾರೆ. ಫೋಟೋ ಇದ್ರೆ ಕಳ್ಸಿ, ಎಷ್ಟು ಹಳೇದಾದ್ರೂ ಪರ್ವಾಗಿಲ್ಲ, ಅಮ್ಮ ಒಪ್ಪಿದ್ರೆ ಮುಂದಿನ ಸಂಚಿಕೇಲಿ ಹಾಕ್ತೀನಿ. ಎತ್ತರ ಎಷ್ಟು, ಮುಖ ದುಂಡೋ ಕೋಲೋ, ತೆಲುಗು ಮಾತಾಡ್ತಿದ್ರಾ, ಹೋಗುವಾಗ ಯಾವ ಬಟ್ಟೆ ಹಾಕಿದ್ರು, ಎಲ್ಲಾ ಬರೀರಿ. ಜಾಗ ನಾನು ಇಟ್ಟಿರ್ತೀನಿ.