ಕಾರಿಲ್ಲದೆ ಮಲೆನಾಡಿನ ಹಳ್ಳಿಯಲ್ಲಿ ಇರೋದು ಆಗುತ್ತಾ ಅಂತ ಕೇಳಿದವರಿಗೆ

ನಿಮ್ಮ ಪ್ರಶ್ನೆಯನ್ನು ನಿನ್ನೆ ರಾತ್ರಿಯೇ ಓದಿದೆ. ಚಿಕ್ಕಮಗಳೂರು ಜಿಲ್ಲೆಯ ಕೊಪ್ಪದ ಹತ್ತಿರ ಅಪ್ಪನ ಎರಡೂವರೆ ಎಕರೆ ಅಡಿಕೆ ತೋಟ, ಬೆಂಗಳೂರು ಬಿಟ್ಟು ಹೆಂಡತಿ ಮತ್ತು ಆರು ವರ್ಷದ ಮಗಳ ಜೊತೆ ಬರುವ ಆಸೆ, ಕೈಯಲ್ಲಿರುವ ದುಡ್ಡು ತೋಟಕ್ಕೇ ಬೇಕು. ಆದರೆ ಕೇಳಿದವರೆಲ್ಲ "ಮೊದಲು ಒಂದು ಹಳೇ ಕಾರಾದರೂ ತಗೊಳ್ಳಿ, ಇಲ್ಲಾಂದ್ರೆ ಆಗಲ್ಲ" ಅನ್ನುತ್ತಿದ್ದಾರೆ, ಇದು ನಿಜಾನಾ ಅಂತ ಕೇಳಿದ್ದೀರಿ.

ನಾನು ಕೊಪ್ಪ ತಾಲೂಕಿನವಳೇ. ಟಾರು ರಸ್ತೆಯಿಂದ ಒಂದೂವರೆ ಕಿಲೋಮೀಟರ್ ಒಳಗೆ ನಮ್ಮ ಮನೆ. ನಾನು, ನಮ್ಮ ಮನೆಯವರು, ಅತ್ತೆ, ಎರಡು ದನ. ಹನ್ನೊಂದು ವರ್ಷದಿಂದ ಕಾರಿಲ್ಲದೆ ಇದ್ದೇವೆ. ಇರುವುದು ಒಂದು ಟಿವಿಎಸ್ ಎಕ್ಸೆಲ್ ಮಾತ್ರ. ಆಗುತ್ತದೆ ಅಂತ ಧೈರ್ಯವಾಗಿ ಹೇಳುತ್ತೇನೆ. ಆದರೆ ತಯಾರಿ ಬೇಕು, ಅದನ್ನೇ ಉದ್ದ ಬರೆಯುತ್ತಿದ್ದೇನೆ.

ಮೊದಲು ನಿಮ್ಮ ಮನೆಗೆ ಇಳಿಯುವ ರಸ್ತೆ ನೋಡಿ. ಇದನ್ನು ನಾನು ಕಷ್ಟಪಟ್ಟು ಕಲಿತೆ. ನಾಲ್ಕು ವರ್ಷದ ಹಿಂದೆ ಆರಿದ್ರ ಮಳೆ ಹಿಡಿದಿದ್ದಾಗ ರಾತ್ರಿ ಅತ್ತೆಗೆ ಉಸಿರು ಕಟ್ಟಿತು. ನಾವು ಯಾವಾಗಲೂ ಕರೆಯುತ್ತಿದ್ದ ಜೀಪಿನ ಹುಡುಗ ಮದುವೆಗೆ ಅಂತ ಬಾಡಿಗೆ ಹೋಗಿದ್ದ, ಬೇರೆಯವರ ನಂಬರು ನಮ್ಮ ಹತ್ತಿರ ಇರಲಿಲ್ಲ. 108ಕ್ಕೆ ಮಾಡಿದೆವು, ಗಾಡಿ ಬಂತು, ಆದರೆ ಟಾರು ರಸ್ತೆವರೆಗೆ ಮಾತ್ರ. ನಮ್ಮ ಇಳಿಜಾರಿನ ಕೆಸರಲ್ಲಿ ಅದು ಇಳಿಯಲು ಸಾಧ್ಯವೇ ಇರಲಿಲ್ಲ. ಅತ್ತೆಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಮೇಲೆ ಪ್ಲಾಸ್ಟಿಕ್ ಕೊಪ್ಪೆ ಹೊದಿಸಿ, ಪಕ್ಕದ ಮನೆಯ ಇಬ್ಬರು ಮತ್ತು ನಮ್ಮ ಮನೆಯವರು ಸೇರಿ ಹೊತ್ತು ತಂದರು, ನಾನು ಟಾರ್ಚ್ ಹಿಡಿದು ಮುಂದೆ ನಡೆದೆ. ದೇವರ ದಯೆ, ಹುಷಾರಾದರು. ಆಮೇಲೆ ಊರಲ್ಲಿ ಎಲ್ಲರೂ ಹೇಳಿದ್ದು ಒಂದೇ ಮಾತು, ಈಗಲಾದರೂ ಕಾರು ತಗೊಳ್ಳಿ ಅಂತ. ಆದರೆ ಅವತ್ತು ಅಂಗಳದಲ್ಲಿ ಕಾರು ಇದ್ದಿದ್ದರೂ ಆ ಏರು ಹತ್ತುತ್ತಿರಲಿಲ್ಲ, ಅಲ್ವಾ? ಹಾಗಾಗಿ ಮುಂದಿನ ಬೇಸಿಗೆಯಲ್ಲಿ ನಾಲ್ಕು ಮನೆಯವರು ದುಡ್ಡು ಹಾಕಿ ಆ ಏರಿಗೆ ಕಲ್ಲು ಹಾಸಿ, ಪಕ್ಕದಲ್ಲಿ ಚರಂಡಿ ತೆಗೆಸಿದೆವು. ಈಗ ಮಳೆಗಾಲದಲ್ಲೂ ಜೀಪು, ಪಿಕಪ್ ಎರಡೂ ಮನೆ ಬಾಗಿಲಿಗೆ ಬರುತ್ತವೆ. ಜೀಪಿನವರ ಮೂರು ನಂಬರು ಅಡುಗೆಮನೆ ಗೋಡೆಯ ಮೇಲೆ ಬರೆದಿಟ್ಟಿದ್ದೇನೆ. ನಿಮ್ಮ ಹತ್ತಿರ ಇರುವ ದುಡ್ಡಲ್ಲಿ ಸ್ವಲ್ಪ ಖರ್ಚು ಮಾಡುವುದಾದರೆ ಮೊದಲು ರಸ್ತೆಗೆ ಮಾಡಿ.

ಇನ್ನು ಬಸ್ಸು. ನಮ್ಮ ಕಡೆ ಖಾಸಗಿ ಬಸ್ಸುಗಳೇ ಜಾಸ್ತಿ. 2023ರ ಜೂನ್ 11ರಿಂದ ಬಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಉಚಿತ ಟಿಕೆಟ್ ಸರ್ಕಾರಿ ಬಸ್ಸಿಗೆ ಮಾತ್ರ, ಅದೂ ಐಷಾರಾಮಿ ಅಲ್ಲದ ಬಸ್ಸಿಗೆ. ನಿಮ್ಮ ಹೆಂಡತಿಯ ಆಧಾರ್‌ನಲ್ಲಿ ಕರ್ನಾಟಕದ ವಿಳಾಸ ಇರಲಿ, ದುಡ್ಡು ಕೊಡದಿದ್ದರೂ ಶೂನ್ಯ ಟಿಕೆಟ್ ಕೇಳಿ ಪಡೆಯಲಿ. ಕೆಎಸ್‌ಆರ್‌ಟಿಸಿಯಲ್ಲಿ ಒಬ್ಬರಿಗೆ 30 ಕೆಜಿವರೆಗೆ ಲಗೇಜಿಗೆ ಚಾರ್ಜ್ ಇಲ್ಲ. ಒಂದು ತಿಂಗಳ ದಿನಸಿ ಇಬ್ಬರು ಹೋದರೆ ಆರಾಮಾಗಿ ಬರುತ್ತದೆ.

ಬಂದ ಮೊದಲ ವಾರವೇ ನಿಮ್ಮ ಸ್ಟಾಪಿನಲ್ಲಿ ಕೂತು ಯಾವ ಬಸ್ಸು ಎಷ್ಟು ಹೊತ್ತಿಗೆ ಅಂತ ಬರೆದುಕೊಳ್ಳಿ. ಕೊನೆಯ ಬಸ್ಸನ್ನು ನಂಬಬೇಡಿ, ಅದಕ್ಕಿಂತ ಮುಂಚಿನದನ್ನೇ ಹಿಡಿಯಿರಿ, ಯಾಕಂದರೆ ಜನ ಇಲ್ಲಾಂದ್ರೆ ಕೊನೆಯ ಟ್ರಿಪ್ಪು ನಿಲ್ಲಿಸಿಬಿಡುತ್ತಾರೆ. ಕಂಡಕ್ಟರ್ ಪರಿಚಯ ಮಾಡಿಕೊಳ್ಳಿ. ಇದು ಬಹಳ ದೊಡ್ಡ ಅನುಕೂಲ. ಪಂಪಿನ ಬುಷ್ ಹೋಯಿತು, ಸ್ಪ್ರೇಯರಿನ ವಾಷರ್ ಬೇಕು ಅಂದರೆ ನಾನು ಪೇಟೆಗೆ ಹೋಗುವುದೇ ಇಲ್ಲ. ಅಂಗಡಿಗೆ ಹಳೇ ಸಾಮಾನಿನ ಫೋಟೋ ಕಳಿಸಿ, ಫೋನಲ್ಲೇ ದುಡ್ಡು ಹಾಕಿದರೆ ಅವರು ಬಸ್ಸಿಗೆ ಕೊಡುತ್ತಾರೆ, ಕಂಡಕ್ಟರ್ ನಮ್ಮ ಸ್ಟಾಪಿನ ಅಂಗಡಿಯಲ್ಲಿ ಇಳಿಸುತ್ತಾರೆ. ಬೆಂಗಳೂರಿನಿಂದ ಬರಬೇಕಾದ್ದಕ್ಕೆ ಕೆಎಸ್‌ಆರ್‌ಟಿಸಿಯವರು 2021ರಲ್ಲಿ ಶುರು ಮಾಡಿದ ನಮ್ಮ ಕಾರ್ಗೋ ಇದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಕೊಪ್ಪ ಅಂದರೆ ಸಹಕಾರ ಸಾರಿಗೆಯ ಊರು. 1991ರಲ್ಲಿ ಕೆಲಸಗಾರರೇ ಸೇರಿ ಕಟ್ಟಿ ನಡೆಸಿದ ಬಸ್ಸುಗಳು, ಒಳಗಿನ ಹಳ್ಳಿಗಳಿಗೂ ಹೋಗುತ್ತಿದ್ದವು. ಅದು 2020ರಲ್ಲಿ ನಿಂತಿತು. ಆ ಬಸ್ಸಲ್ಲಿ ಶಾಲೆಗೆ ಹೋದವರು, ಬಾಣಂತನಕ್ಕೆ ತವರಿಗೆ ಹೋದವರು ನಮ್ಮಲ್ಲಿ ಎಷ್ಟೋ ಜನ. ಈಗಲೂ ನೆನೆದರೆ ನನಗೆ ಹೊಟ್ಟೆ ಚುರುಕ್ ಅನ್ನುತ್ತದೆ. ಅದಕ್ಕೇ ಎಕ್ಸೆಲ್‌ನಲ್ಲಿ ಹೋಗಬಹುದಾದ ದಿನವೂ ಎಷ್ಟೋ ಸಲ ನಾನು ಬಸ್ಸೇ ಹತ್ತುತ್ತೇನೆ. ನಮ್ಮ ಸ್ಟಾಪಿನಲ್ಲಿ ದಿನಾ ನಾಲ್ಕು ಜನ ಹತ್ತಿದರೆ ತಾನೇ ಆ ಟ್ರಿಪ್ಪು ಇರುವುದು. ನೀವು ಮೂರು ಜನ ಬಂದರೆ ನಮಗೂ ಬಲ.

ಭಾರದ ಸಾಮಾನಿನ ಬಗ್ಗೆ ಜಾಸ್ತಿ ಹೆದರಬೇಡಿ. ನಿಜ ಹೇಳಬೇಕೆಂದರೆ ತೋಟದ ಭಾರ ಕಾರಲ್ಲಿ ಹೋಗುವಂಥದ್ದೇ ಅಲ್ಲ. 45 ಕೆಜಿಯ ಯೂರಿಯಾ ಚೀಲ ಒಂದೆರಡು ಆದರೆ ಎಕ್ಸೆಲ್ ಸಾಕು, ಒಂದು ಸಲಕ್ಕೆ ಒಂದು ಚೀಲ, ಮುಂದೆ ಕಾಲಿಡುವ ಜಾಗದಲ್ಲಿ. ವರ್ಷದ ಗೊಬ್ಬರ, ಸುಣ್ಣ, ಮೈಲುತುತ್ತ, ದನದ ಹಿಂಡಿ ಇದೆಲ್ಲ ನಾಲ್ಕು ಮನೆಯವರು ಸೇರಿ ಒಂದೇ ದಿನ ಸೊಸೈಟಿಯಿಂದ ಪಿಕಪ್‌ನಲ್ಲಿ ತರಿಸುತ್ತೇವೆ, ಬಾಡಿಗೆ ನಾಲ್ಕು ಪಾಲು. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಔಷಧಿ ಸಾಮಾನು, ಕಳೆನಾಶಕ ಇಂಥದ್ದನ್ನು ಮಾತ್ರ ಬಸ್ಸಿನಲ್ಲಿ ತರಬೇಡಿ. ಮಕ್ಕಳು ಕೂತಿರುತ್ತಾರೆ, ತರಕಾರಿ ಚೀಲ ಪಕ್ಕದಲ್ಲೇ ಇರುತ್ತದೆ, ಒಡೆದರೆ ಕಷ್ಟ. ಅಡಿಕೆಯನ್ನು ಚೇಣಿಗೆ, ಅಂದರೆ ಮರದಲ್ಲಿರುವ ಫಸಲನ್ನೇ ಗುತ್ತಿಗೆಗೆ ಕೊಟ್ಟರೆ ಅವರೇ ಗಾಡಿ ತರುತ್ತಾರೆ. ನೀವೇ ಸುಲಿಸಿ ಒಣಗಿಸಿದರೆ ಅಡಿಕೆ ಮಾರುವ ಸಹಕಾರ ಸಂಘವಾದ ಮ್ಯಾಮ್ಕೋಸ್‌ಗೋ ವ್ಯಾಪಾರಿಯ ಮಂಡಿಗೋ ಹಾಕಲು ವರ್ಷಕ್ಕೆ ಎರಡು ಮೂರು ಸಲ ಪಿಕಪ್ ಬೇಕಾಗುತ್ತದೆ, ಅಷ್ಟೇ. ಗ್ಯಾಸ್ ಗಾಡಿ ಟಾರು ರಸ್ತೆಗೆ ಬರುವ ದಿನ ಗೊತ್ತು ಮಾಡಿಕೊಂಡು ಎರಡು ಸಿಲಿಂಡರ್ ಇಟ್ಟುಕೊಳ್ಳಿ.

ಹೋಗದೇ ಮುಗಿಯುವ ಕೆಲಸ ಎಷ್ಟೋ ಇವೆ. ಪಹಣಿ, ಜಾತಿ ಆದಾಯ ಪತ್ರ ಇವಕ್ಕೆ ಪಂಚಾಯಿತಿಯ ಬಾಪೂಜಿ ಸೇವಾ ಕೇಂದ್ರ ಅಥವಾ ಗ್ರಾಮ ಒನ್ ನೋಡಿ. ಕೈಗೆ ನೋಟು ಬೇಕಾದರೆ ಪೋಸ್ಟ್‌ಮ್ಯಾನ್ ಹತ್ತಿರವೇ ಆಧಾರ್ ಮತ್ತು ಬೆರಳಚ್ಚು ಕೊಟ್ಟು ಒಂದು ಸಲಕ್ಕೆ 10,000 ರೂಪಾಯಿವರೆಗೆ ತೆಗೆಯಬಹುದು, ಯಾವ ಬ್ಯಾಂಕಿನ ಖಾತೆಯಾದರೂ ಸರಿ, ಆಧಾರ್ ಜೋಡಣೆ ಆಗಿರಬೇಕು. ಅಡಿಕೆ ಸುಲಿಯುವ ಕಾಲದಲ್ಲಿ ಬೆರಳು ಸವೆದು ಮಿಷನ್ನು ಒಪ್ಪುವುದಿಲ್ಲ, ಆಗ ಬೇರೆ ಬೆರಳು ಇಟ್ಟು ನೋಡಿ. ದನಕ್ಕೆ ಹುಷಾರಿಲ್ಲದಿದ್ದರೆ 1962ಕ್ಕೆ ಫೋನ್ ಮಾಡಿ, ಪಶುವೈದ್ಯರ ಗಾಡಿ ಮನೆಗೇ ಬರುತ್ತದೆ.

ಉಳಿದ ಪೇಟೆ ಕೆಲಸಕ್ಕೆ ನಾನು ವಾರಕ್ಕೆ ಒಂದು ದಿನ ಇಟ್ಟಿದ್ದೇನೆ. ಬ್ಯಾಂಕು, ಸೊಸೈಟಿ, ಅತ್ತೆಯ ಮಾತ್ರೆ, ತರಕಾರಿ, ಟೈಲರ್ ಎಲ್ಲ ಅವತ್ತೇ. ಅಡುಗೆಮನೆಯಲ್ಲಿ ಒಂದು ಚೀಟಿ ತೂಗುತ್ತಿರುತ್ತದೆ, ನೆನಪಾದಾಗ ಬರೆಯುವುದು. ಮೊದಲ ಬಸ್ಸಿಗೆ ಹೋದರೆ ಊಟದ ಹೊತ್ತಿಗೆ ಮನೆಯಲ್ಲಿರುತ್ತೇನೆ. ಕಾರು ಇರುವ ನಮ್ಮ ನೆಂಟರು ಒಂದು ಸ್ಕ್ರೂ ತರಲು, ಒಂದು ಲೀಟರ್ ಎಣ್ಣೆ ತರಲು ವಾರಕ್ಕೆ ನಾಲ್ಕು ಸಲ ಹೋಗುವುದನ್ನು ನೋಡಿದ್ದೇನೆ, ತೋಟದ ಕೆಲಸ ಹಿಂದೆ ಬೀಳುವುದು ಅಲ್ಲೇ.

ಮಣಿಪಾಲಕ್ಕೆ ಆಸ್ಪತ್ರೆಗೆ ಹೋಗುವುದು ಬೇರೆ ವಿಷಯ. ಆಗುಂಬೆ ಘಾಟಿಯಲ್ಲಿ ಓಡುವುದು ಮಿನಿ ಬಸ್ಸುಗಳು, ತಿರುವು ಜಾಸ್ತಿ, ಹುಷಾರಿಲ್ಲದವರಿಗೆ ವಾಂತಿ ಬರುತ್ತದೆ. ಬರೀ ರಿಪೋರ್ಟ್ ತೋರಿಸುವುದಾದರೆ ನಾನೊಬ್ಬಳೇ ಬಸ್ಸಲ್ಲಿ ಹೋಗುತ್ತೇನೆ. ಅತ್ತೆಯನ್ನು ಕರೆದುಕೊಂಡು ಹೋಗುವಾಗ ಯೋಚನೆಯೇ ಮಾಡದೆ ಕಾರು ಬಾಡಿಗೆಗೆ ಮಾಡುತ್ತೇವೆ. ಅಲ್ಲಿ ಉಳಿಸಲು ಹೋಗಬೇಡಿ.

ದುಡ್ಡಿನ ಲೆಕ್ಕ ಹೀಗಿದೆ. ಐದು ಲಕ್ಷ ಸಾಲ, ಒಂಬತ್ತೂವರೆ ಪರ್ಸೆಂಟ್ ಬಡ್ಡಿ, ಐದು ವರ್ಷ ಅಂದರೆ ತಿಂಗಳಿಗೆ ಸುಮಾರು 10,500 ರೂಪಾಯಿ ಕಂತು. ಪೆಟ್ರೋಲು, ಇನ್ಶೂರೆನ್ಸ್ ಬೇರೆ. ಅಡಿಕೆ ದುಡ್ಡು ತಿಂಗಳು ತಿಂಗಳು ಬರುವುದಿಲ್ಲ, ಕಂತು ಮಾತ್ರ ಬರುತ್ತದೆ. ನಾವು ಹೋದ ವರ್ಷ ಜೀಪು, ಕಾರು, ಪಿಕಪ್ ಬಾಡಿಗೆ ಎಲ್ಲ ಸೇರಿ ಕೊಟ್ಟಿದ್ದು 38,000. ಬರೆದಿಟ್ಟಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಕಷ್ಟ ಇಲ್ಲ ಅಂತ ಹೇಳುವುದಿಲ್ಲ. ಜುಲೈನಲ್ಲಿ ಮರ ಬಿದ್ದರೆ ಎರಡು ದಿನ ಬಸ್ಸಿಲ್ಲ. ಮೃಗಶಿರ ಮಳೆ ಹಿಡಿಯುವ ಮೊದಲೇ ಅಕ್ಕಿ, ಬೇಳೆ, ಮಾತ್ರೆ, ದನದ ಹಿಂಡಿ ಎರಡು ತಿಂಗಳಿಗೆ ತುಂಬಿಸಿಡಬೇಕು. ಸ್ಟಾಪಿಗೆ ನಡೆಯುವಾಗ ಇಂಬಳ (ಜಿಗಣೆ) ಹತ್ತುತ್ತವೆ, ಗಮ್‌ಬೂಟ್ ಹಾಕಿಕೊಂಡು ಹೋಗಿ ಸ್ಟಾಪಿನ ಅಂಗಡಿಯಲ್ಲಿ ಬಿಟ್ಟು ಚಪ್ಪಲಿ ಹಾಕಿಕೊಳ್ಳುತ್ತೇನೆ. ಮಗಳ ಶಾಲೆಯನ್ನು ನಡೆದು ಹೋಗುವ ದೂರದಲ್ಲಿ ಅಥವಾ ನೇರ ಬಸ್ಸು ಇರುವ ಕಡೆ ನೋಡಿ, ಎರಡು ಬಸ್ಸು ಬದಲಿಸುವ ಶಾಲೆ ಬೇಡ. ರಾತ್ರಿ ಯಕ್ಷಗಾನಕ್ಕೆ, ದೂರದ ಮದುವೆಗೆ ಹೋಗಬೇಕಾದರೆ ಯಾರ ಗಾಡಿಯಲ್ಲಾದರೂ ಜಾಗ ಕೇಳಬೇಕು. ನನಗೆ ಮೊದಮೊದಲು ಸಂಕೋಚವಾಗುತ್ತಿತ್ತು. ಈಗ ಪೆಟ್ರೋಲಿಗೆ ಅಂತ ನಮ್ಮ ಪಾಲು ಕೊಟ್ಟೇಬಿಡುತ್ತೇನೆ, ಅವರು ಬೇಡ ಅಂದರೆ ಬಾಳೆಗೊನೆಯೋ ಕಾಳುಮೆಣಸೋ ಕೊಡುತ್ತೇನೆ.

ಕೆಲಸ ಬಿಡುವ ಮೊದಲು ಒಂದು ಕೆಲಸ ಮಾಡಿ. ಬೇಸಿಗೆಯಲ್ಲಿ ಅಲ್ಲ, ಜುಲೈನಲ್ಲಿ ಒಂದು ವಾರ ರಜೆ ಹಾಕಿ ಮೂರೂ ಜನ ಬಂದು ಅಪ್ಪನ ಮನೆಯಲ್ಲಿ ಇರಿ, ಪೇಟೆಗೆ ಬಸ್ಸಲ್ಲೇ ಹೋಗಿ ಬನ್ನಿ. ತೋಟ ಯಾವ ಸ್ಟಾಪಿನ ಹತ್ತಿರ, ಅಲ್ಲಿಂದ ಮನೆಗೆ ಎಷ್ಟು ದೂರ ಅಂತ ಇಲ್ಲೇ ಬರೆಯಿರಿ. ಆ ಕಡೆಯ ಬಸ್ಸಿನ ಸಮಯ ಕಂಡಕ್ಟರನ್ನು ಕೇಳಿ ಹಾಕುತ್ತೇನೆ.